ಹಿಂದಿನ ಸಾಲಿನ ದನಿ

ಜುಲೈ ತಿಂಗಳ ಕೊನೆಯ ವಾರ ಬಂತೆಂದರೆ ಪ್ರೌಢಶಾಲೆಗಳ ಕೊನೆಯ ಪೀರಿಯಡ್ಡಿಗೆ ಒಂದು ಕಳೆ ಬರುತ್ತದೆ. ಗಣಿತದ ಮೇಷ್ಟ್ರು ಒಲ್ಲದ ಮನಸ್ಸಿನಿಂದ ಅರ್ಧ ಗಂಟೆ ಬಿಟ್ಟುಕೊಡುತ್ತಾರೆ. ಬೀರುವಿನ ಪಕ್ಕದಲ್ಲಿ ಧೂಳು ಹೊತ್ತು ಕೂತಿದ್ದ ಹಾರ್ಮೋನಿಯಂ ಹೊರಬರುತ್ತದೆ. ಸ್ವಾತಂತ್ರ್ಯ ದಿನಾಚರಣೆಯ ಸಮೂಹಗಾನಕ್ಕೆ ಮಕ್ಕಳ ಆಯ್ಕೆ ಶುರುವಾಗುತ್ತದೆ. ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಂದ ಒಂದೊಂದು ಸಾಲು ಹಾಡಿಸಿ, ಹಾಡಿನ ಮೇಷ್ಟ್ರು ತಲೆ ಆಡಿಸುತ್ತ ಮುಂದೆ ಹೋಗುತ್ತಾರೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ಬಳಿ ಬಂದಾಗ ತಲೆ ಆಡುವುದು ನಿಲ್ಲುತ್ತದೆ. ಅವನ ದನಿ ಮೇಲೇರಲು ಹೊರಟು ನಡುದಾರಿಯಲ್ಲೇ ಒಡೆದಿರುತ್ತದೆ. ಅಕ್ಕಪಕ್ಕದವರು ಕಿಸಕ್ಕನೆ ನಗುತ್ತಾರೆ.

“ನೀನು ಹಿಂದಿನ ಸಾಲಲ್ಲಿ ನಿಂತ್ಕೊ ಮರಿ. ಬರೀ ಬಾಯಿ ಆಡಿಸು, ಸಾಕು.”

ಈ ಮಾತನ್ನು ಹೇಳುವ ಮೇಷ್ಟ್ರು ಕೆಟ್ಟವರಲ್ಲ. ತಂಡದಿಂದಲೇ ಹೊರಗೆ ಕಳಿಸಿದರೆ ಹುಡುಗ ನೊಂದುಕೊಂಡಾನು ಎಂಬ ಕನಿಕರವೂ ಅದರಲ್ಲಿ ಇರುತ್ತದೆ. ಹುಡುಗನೂ ಸರಿ ಎಂದು ತಲೆ ಅಲ್ಲಾಡಿಸುತ್ತಾನೆ. ಆಗಸ್ಟ್ 15ರಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾನೆ. ದೂರದಲ್ಲಿ ಕೂತ ಅವನ ತಾಯಿ, ಮಗ ಹಾಡುತ್ತಿದ್ದಾನೆಂದು ಪಕ್ಕದವರಿಗೆ ತೋರಿಸುತ್ತಾಳೆ. ಅವನ ಬಾಯಿಂದ ಸ್ವರ ಹೊರಡುತ್ತಿಲ್ಲವೆಂಬುದು ಇಬ್ಬರಿಗೆ ಮಾತ್ರ ಗೊತ್ತು. ಒಬ್ಬರು ಹಾಡು ಮುಗಿಯುವ ಹೊತ್ತಿಗೆ ಅದನ್ನು ಮರೆತಿರುತ್ತಾರೆ. ಇನ್ನೊಬ್ಬ ಮರೆಯುವುದಿಲ್ಲ. ಮದುವೆ ಮನೆಯಲ್ಲೋ ಗಣಪತಿ ಪೆಂಡಾಲಿನಲ್ಲೋ ಎಲ್ಲರೂ ಹಾಡುವಾಗ “ನನ್ನ ಕಂಠ ಅಷ್ಟಕ್ಕಷ್ಟೆ ಬಿಡಿ” ಎಂದು ಹಿಂದೆ ಸರಿಯುವ ನಡುವಯಸ್ಸಿನವರನ್ನು ಕೇಳಿದರೆ, ಅವರಲ್ಲಿ ಎಷ್ಟೋ ಜನರ ಬಳಿ ಇಂಥದೊಂದು ಶಾಲೆಯ ನೆನಪು ಇದ್ದೇ ಇರುತ್ತದೆ.

ಸಮೂಹಗಾನ ನಡೆಸುವುದೆಂದರೆ ಶ್ರುತಿ, ಲಯ, ಸಾಹಿತ್ಯ ಈ ಮೂರನ್ನು ಸರಿಪಡಿಸುವುದು ಎಂದೇ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ನಲವತ್ತು ಮಕ್ಕಳ ಕಂಠ ಒಬ್ಬರ ಕೈಗೆ ಬಂದಾಗ ಅವರ ಮಾನವೂ ಜೊತೆಯಲ್ಲೇ ಆ ಕೈಗೆ ಬರುತ್ತದೆ ಎಂಬುದು ಮಾತ್ರ ಯಾವ ಪಾಠಪಟ್ಟಿಯಲ್ಲೂ ಇಲ್ಲ. ಆದರೆ ಈ ಎರಡೂ ಬೇರೆ ಬೇರೆ ವಿಷಯಗಳೇನಲ್ಲ. ಮಗುವಿನ ಮಾನ ಕಾಯುವ ದಾರಿಯನ್ನು ಹುಡುಕುತ್ತ ಹೋದರೆ ಅದು ಹಾಡನ್ನು ಸರಿಪಡಿಸುವ ದಾರಿಯೂ ಆಗಿರುತ್ತದೆ. ಇದಕ್ಕೆ ವಿಜ್ಞಾನದ ಪುಸ್ತಕದಲ್ಲೇ ಸಾಕಷ್ಟು ಸಾಕ್ಷಿ ಸಿಗುತ್ತದೆ.

ನಲವತ್ತರಲ್ಲಿ ಒಂದು

ಮೊದಲು ಒಂದು ಸಣ್ಣ ಲೆಕ್ಕ. ಒಂದೇ ಬಲದ ನಲವತ್ತು ದನಿಗಳು ಸೇರಿದರೆ ಸದ್ದು ನಲವತ್ತು ಪಟ್ಟು ದೊಡ್ಡದಾಗಿ ಕೇಳುವುದಿಲ್ಲ. ಹತ್ತು ಜನ ಸೇರಿದಾಗ ಒಬ್ಬರಿಗಿಂತ 10 ಡೆಸಿಬೆಲ್ ಹೆಚ್ಚು, ನಲವತ್ತು ಜನ ಸೇರಿದಾಗ ಸುಮಾರು 16 ಡೆಸಿಬೆಲ್ ಹೆಚ್ಚು. ಕಿವಿಗೆ ಸುಮಾರು 10 ಡೆಸಿಬೆಲ್ ಏರಿದಾಗ ಸದ್ದು ಇಮ್ಮಡಿಯಾದಂತೆ ಅನಿಸುತ್ತದೆ. ಅಂದರೆ ನಲವತ್ತು ಮಕ್ಕಳು ಹಾಡಿದರೂ ಒಬ್ಬನಿಗಿಂತ ಮೂರು ಪಟ್ಟು ಜೋರಾಗಿ ಕೇಳೀತು, ಅಷ್ಟೆ. ಈ ನಲವತ್ತರಲ್ಲಿ ಒಂದು ದನಿಯನ್ನು ತೆಗೆದರೆ ಸದ್ದು ಎಷ್ಟು ಇಳಿಯುತ್ತದೆ? ಒಂದು ಡೆಸಿಬೆಲ್‌ನ ಹತ್ತನೆಯ ಒಂದು ಭಾಗ. ಯಾರ ಕಿವಿಗೂ ತಿಳಿಯದಷ್ಟು ಅಲ್ಪ. ಕೇಳುವವರ ಮಟ್ಟಿಗೆ ಹೋದದ್ದು ಇಷ್ಟು. ಬಾಯಿ ಮಾತ್ರ ಆಡಿಸಿದ ಹುಡುಗನ ಮಟ್ಟಿಗೆ ಹೋದದ್ದು ಇಡೀ ದನಿ.

“ಸದ್ದಿನ ಮಾತು ಬಿಡಿ, ಅಪಸ್ವರದ ಗತಿ ಏನು?” ಎಂದು ಮೇಷ್ಟ್ರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬಂತೆ ಒಂದು ದನಿ ಬೇರೆ ಸ್ವರ ಹಿಡಿದರೆ ಕಿವಿ ಅದನ್ನು ತಟ್ಟನೆ ಗುರುತಿಸುತ್ತದೆ. ಒಂದು ದನಿ ಸೆಕೆಂಡಿಗೆ 300 ಸಲ ಕಂಪಿಸುತ್ತಿದ್ದು ಪಕ್ಕದ್ದು 304 ಸಲ ಕಂಪಿಸಿದರೆ, ಸದ್ದು ಸೆಕೆಂಡಿಗೆ ನಾಲ್ಕು ಸಲ ಏರಿ ಇಳಿಯುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ವಿಸ್ಪಂದನ ಎಂದು ಹೆಸರು. ತಂಬೂರಿ ಶ್ರುತಿ ಮಾಡುವವರು ಇದನ್ನೇ ಕೇಳಿಸಿಕೊಂಡು ತಂತಿ ಬಿಗಿಯುತ್ತಾರೆ. ತಂತಿ ಶ್ರುತಿ ಬಿಟ್ಟಿತೆಂದು ಯಾರೂ ಅದನ್ನು ಕಿತ್ತು ಬಿಸಾಡುವುದಿಲ್ಲ, ಬಿರಡೆ ತಿರುಗಿಸಿ ನೋಡುತ್ತಾರೆ. ಮಕ್ಕಳ ವಿಷಯದಲ್ಲಿ ಬಿರಡೆ ಎಲ್ಲಿದೆ ಎಂದು ಹುಡುಕುವ ತಾಳ್ಮೆ ಬೇಕು.

ದನಿ ತಪ್ಪುವುದಕ್ಕೆ ಕಾರಣಗಳು

ಮೊದಲ ಕಾರಣ ಹೆಚ್ಚಾಗಿ ಹಾರ್ಮೋನಿಯಂ ಮುಂದೆಯೇ ಕುಳಿತಿರುತ್ತದೆ. ಮೇಷ್ಟ್ರು ಗಂಡಸು. ಅವರ ದನಿಗೆ ಒಂದು ಮನೆ ಅಥವಾ ಎರಡು ಮನೆ ಶ್ರುತಿ ಹಿತ. ಅದೇ ಶ್ರುತಿಯಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಮಕ್ಕಳು ಕೆಳಗಿನ ಸ್ಥಾಯಿಯಲ್ಲಿ ಹಾಡಹೋದರೆ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಮೇಲಿನ ಸ್ಥಾಯಿಯಲ್ಲಿ ಹಾಡಹೋದರೆ ಪಲ್ಲವಿ ಹೇಗೋ ಸಾಗಿ, ಚರಣ ಬರುವಾಗ ಕತ್ತಿನ ನರ ಉಬ್ಬುತ್ತದೆ. ಅದೇ ಹಾಡನ್ನು ಐದು ಮನೆಯ ಆಸುಪಾಸಿನಲ್ಲಿ ಹಿಡಿದರೆ ಅರ್ಧ ಅಪಸ್ವರ ತಾನಾಗಿಯೇ ಮಾಯವಾಗುತ್ತದೆ. ತನ್ನ ಕಂಠಕ್ಕೆ ಒಗ್ಗದ ಶ್ರುತಿಯಲ್ಲಿ ಹಾಡಿ ತೋರಿಸುವುದು ಮೇಷ್ಟ್ರಿಗೆ ಕಷ್ಟ ನಿಜ. ಆದರೆ ಕಷ್ಟ ಯಾರ ಪಾಲಿಗೆ ಬರಬೇಕು, ಒಬ್ಬರ ಪಾಲಿಗೋ ನಲವತ್ತು ಜನರ ಪಾಲಿಗೋ ಎಂಬುದು ಸಂಗೀತದ ಪ್ರಶ್ನೆಯೂ ಹೌದು, ನ್ಯಾಯದ ಪ್ರಶ್ನೆಯೂ ಹೌದು.

ಎರಡನೆಯ ಕಾರಣ ವಯಸ್ಸು. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿಪೆಟ್ಟಿಗೆ ಭರದಿಂದ ಬೆಳೆಯುತ್ತದೆ. ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ. ಬೆಳೆದ ಹೆಂಗಸಿನಲ್ಲಿ ಅವುಗಳ ಉದ್ದ ಸುಮಾರು 11ರಿಂದ 15 ಮಿಲಿಮೀಟರ್, ಬೆಳೆದ ಗಂಡಸಿನಲ್ಲಿ 17ರಿಂದ 21 ಮಿಲಿಮೀಟರ್. ಈ ಬೆಳವಣಿಗೆಯಿಂದ ಹುಡುಗನ ದನಿ ಸುಮಾರು ಒಂದು ಇಡೀ ಸ್ಥಾಯಿ ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಇಳಿಯುತ್ತದೆ, ಆದರೆ ಮೂರು ನಾಲ್ಕು ಅರ್ಧಸ್ವರದಷ್ಟು ಮಾತ್ರ. ಹೊಸ ಸೈಕಲ್ಲಿನ ಸೀಟು ಒಂದೇ ಸಲ ಎತ್ತರವಾದರೆ ಕಾಲು ಪೆಡಲ್ ತಪ್ಪುವ ಹಾಗೆ, ಹೊಸ ಉದ್ದದ ತಂತುಗಳನ್ನು ಆಳಲು ಕಲಿಯುವವರೆಗೆ ದನಿ ಅಲ್ಲಲ್ಲಿ ಒಡೆಯುತ್ತದೆ. ಇದಕ್ಕೆ ಔಷಧಿ ಬೇಕಿಲ್ಲ, ಕಾಲ ಬೇಕು. ನಗುವವರ ಬಾಯಿಗೆ ಮಾತ್ರ ಅಲ್ಲಲ್ಲೇ ಬೀಗ ಹಾಕಬೇಕು.

ಹಾಗಾದರೆ ಆ ಒಂದು ವರ್ಷ ಅಂಥ ಹುಡುಗ ಏನು ಮಾಡಬೇಕು? ತಿಳಿದ ಮೇಷ್ಟ್ರುಗಳು ಅವನ ದನಿಗೆ ಎಟುಕುವ ನಾಲ್ಕೈದು ಸ್ವರಗಳು ಯಾವುವೆಂದು ಮೊದಲು ಹುಡುಕುತ್ತಾರೆ. ಪಲ್ಲವಿಯನ್ನು ಕೆಳಗಿನ ಸ್ಥಾಯಿಯಲ್ಲಿ ಹಾಡಿಸುತ್ತಾರೆ. ಚರಣ ಬಂದಾಗ ಷಡ್ಜವನ್ನೋ ಪಂಚಮವನ್ನೋ ಮೆತ್ತಗೆ ಹಿಡಿದು ನಿಲ್ಲಿಸುತ್ತಾರೆ. ಅಂಥ ಮೂರು ಹುಡುಗರು ಒಟ್ಟಾಗಿ ಷಡ್ಜ ಹಿಡಿದರೆ ಇಡೀ ಹಾಡಿಗೆ ಶ್ರುತಿ ಪೆಟ್ಟಿಗೆಯ ಆಧಾರ ಸಿಕ್ಕಂತಾಗುತ್ತದೆ. ಇಲ್ಲಿ ಹುಡುಗ ಬಾಯಿ ಆಡಿಸುತ್ತಿಲ್ಲ, ಹಾಡುತ್ತಿದ್ದಾನೆ. ಅವನಿಗೂ ಅದು ಗೊತ್ತಿರುತ್ತದೆ.

ಬದಲಾದ ದನಿಯೆಂದರೆ ಕೆಟ್ಟ ದನಿ ಎಂದು ತೀರ್ಮಾನಿಸುವವರು ಗಂಗೂಬಾಯಿ ಹಾನಗಲ್ಲರನ್ನು ನೆನೆಯಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತ ಗೀತೆ ಹಾಡಿದವರಲ್ಲಿ ಸುಮಾರು ಹನ್ನೊಂದು ವರ್ಷದ ಈ ಬಾಲೆಯೂ ಇದ್ದಳು. ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಟಾನ್ಸಿಲ್ ಚಿಕಿತ್ಸೆಯಾದ ಮೇಲೆ ದನಿ ದಪ್ಪವಾಗಿ ಗಂಡುದನಿಯಂತಾಯಿತು. ಅವರು ಹಾಡುವುದನ್ನು ನಿಲ್ಲಿಸಲಿಲ್ಲ. ಆ ಗಂಭೀರ ದನಿಯೇ ಕಿರಾನಾ ಘರಾಣೆಯಲ್ಲಿ ಅವರ ಗುರುತಾಗಿ, 2009ರಲ್ಲಿ ಅವರು ತೀರಿಕೊಂಡ ಮೇಲೂ ಕೇಳುಗರ ಕಿವಿಯಲ್ಲಿ ಉಳಿದಿದೆ.

ಮೂರನೆಯ ಕಾರಣ, ಮಗುವಿಗೆ ತನ್ನ ದನಿಯೇ ಕೇಳದಿರುವುದು. ಸುತ್ತ ಸದ್ದು ಹೆಚ್ಚಿದಾಗ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರಿನಲ್ಲೇ ಇದು ಲೊಂಬಾರ್ ಪರಿಣಾಮ ಎನಿಸಿಕೊಂಡಿದೆ. ಪಕ್ಕದವನು ಕೂಗಿದರೆ ಇವನೂ ಕೂಗುತ್ತಾನೆ, ಇವನು ಕೂಗಿದ್ದಕ್ಕೆ ಆಚೆಯವನೂ ಕೂಗುತ್ತಾನೆ. ಕೊನೆಗೆ ಯಾರಿಗೂ ತಾನು ಯಾವ ಸ್ವರದಲ್ಲಿದ್ದೇನೆಂದು ತಿಳಿಯದು. ಇಂಥ ಹೊತ್ತಿನಲ್ಲಿ ಮುಂದೆ ನಿಂತವರು “ಇನ್ನೂ ಜೋರಾಗಿ! ಊಟ ಮಾಡಿಲ್ವೇನ್ರೋ?” ಎಂದರೆ ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದಂತೆ. “ಪಕ್ಕದವನ ದನಿ ನಿನಗೆ ಕೇಳುವಷ್ಟು ಮೆಲ್ಲಗೆ ಹಾಡು” ಎಂದು ಒಂದು ಸಲ ಹೇಳಿ ನೋಡಿದರೆ ಹತ್ತೇ ನಿಮಿಷದಲ್ಲಿ ವ್ಯತ್ಯಾಸ ಕಾಣುತ್ತದೆ. ಸ್ವರ ತಪ್ಪುವ ಮಗುವಿನ ಎರಡೂ ಪಕ್ಕದಲ್ಲಿ ಸ್ವರ ಗಟ್ಟಿಯಿರುವ ಇಬ್ಬರನ್ನು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಹುಟ್ಟಿನಿಂದಲೇ ಸ್ವರಭೇದ ತಿಳಿಯದವರು ಇದ್ದಾರೆ, ಆದರೆ ಬಹಳ ವಿರಳ. ಉಳಿದ ಮಕ್ಕಳಲ್ಲಿ ಕಿವಿಗೂ ಕಂಠಕ್ಕೂ ಇನ್ನೂ ಒಪ್ಪಂದವಾಗಿಲ್ಲ, ಅಷ್ಟೆ. ಅಭ್ಯಾಸದಿಂದ ಆಗುತ್ತದೆ. ಬಾಯಿ ಮುಚ್ಚಿಸಿದರೆ ಎಂದೂ ಆಗುವುದಿಲ್ಲ.

ಮೈದಾನದ ಪಾಠ

ಬೆಳಗಿನ ಪ್ರಾರ್ಥನೆಯಲ್ಲಿ ನಿತ್ಯ ನಡೆಯುವ ಇನ್ನೊಂದು ಅನ್ಯಾಯವಿದೆ. ಮೈದಾನದಲ್ಲಿ ಐನೂರು ಮಕ್ಕಳು ನಾಡಗೀತೆ ಹಾಡುತ್ತಿರುತ್ತಾರೆ. ಹಿಂದಿನ ಸಾಲುಗಳು ಸದಾ ಒಂದು ಹೆಜ್ಜೆ ಹಿಂದೆ. “ಹಿಂದುಗಡೆಯವರಿಗೆ ನಿದ್ದೆ ಇನ್ನೂ ಬಿಟ್ಟಿಲ್ಲ” ಎಂದು ಪಿ.ಟಿ. ಮೇಷ್ಟ್ರು ಗದರುತ್ತಾರೆ. ನಿದ್ದೆಯ ತಪ್ಪು ಇಲ್ಲಿ ಏನೂ ಇಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹಾರ್ಮೋನಿಯಂನಿಂದ 34 ಮೀಟರ್ ದೂರ ನಿಂತ ಮಗುವಿಗೆ ಸ್ವರ ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ತಲುಪುತ್ತದೆ. ಅದು ಕೇಳಿಸಿಕೊಂಡು ಹಾಡಿದ್ದು ಮುಂದಿನವರಿಗೆ ಮರಳಿ ತಲುಪಲು ಇನ್ನೊಂದು ಹತ್ತನೆಯ ಭಾಗ. ಸೆಕೆಂಡಿಗೆ ಎರಡು ತಾಳ ಬೀಳುವ ಹಾಡಿನಲ್ಲಿ ಇದು ತಾಳದ ಐದನೇ ಎರಡು ಭಾಗದಷ್ಟಾಯಿತು. ಪ್ರಾಮಾಣಿಕವಾಗಿ ಕೇಳಿಸಿಕೊಂಡು ಹಾಡಿದ ಮಗುವೇ ಇಲ್ಲಿ ಬೈಸಿಕೊಳ್ಳುತ್ತದೆ!

ಪರಿಹಾರ ಬೈಗುಳದಲ್ಲಿಲ್ಲ, ಕೈಯಲ್ಲಿದೆ. ಬೆಳಕಿಗೆ 34 ಮೀಟರ್ ಲೆಕ್ಕವೇ ಅಲ್ಲ. ಎತ್ತರದಲ್ಲಿ ನಿಂತು ಎಲ್ಲರಿಗೂ ಕಾಣುವಂತೆ ಕೈಯಿಂದ ತಾಳ ತೋರಿಸಿದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ತಾಳ ಒಂದೇ ಕ್ಷಣದಲ್ಲಿ ತಲುಪುತ್ತದೆ. ಪಾಶ್ಚಾತ್ಯ ವೃಂದಗಾನದಲ್ಲಿ ಒಬ್ಬರು ಮುಂದೆ ನಿಂತು ಕೈ ಆಡಿಸುವುದನ್ನು ನೋಡಿ, ಇವರಿಗೇನು ಕೆಲಸ ಎಂದು ನಗುವವರುಂಟು. ಅವರ ಕೆಲಸ ಇದೇ. ಹಿಂದೆ ಇದಕ್ಕೆ ಉದ್ದನೆಯ ದಂಡವನ್ನು ನೆಲಕ್ಕೆ ಕುಟ್ಟುವ ರೂಢಿಯೂ ಇತ್ತು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಆಸ್ಥಾನದ ಸಂಗೀತಗಾರ ಲುಲ್ಲಿ, ದೊರೆ ಕಾಯಿಲೆಯಿಂದ ಗುಣವಾದ ಸಂತೋಷಕ್ಕೆ ನಡೆದ ಹಾಡುಗಾರಿಕೆಯಲ್ಲಿ ಹೀಗೆ ಕುಟ್ಟುವಾಗ ದಂಡ ತನ್ನದೇ ಕಾಲಿಗೆ ಬಡಿಯಿತು. ಗಾಯ ಕೊಳೆತು 1687ರ ಮಾರ್ಚಿಯಲ್ಲಿ ಆತ ಸತ್ತ. ಮುಂದಾಳಿನ ಕೋಲಿನ ಪೆಟ್ಟು ಮುಂದಾಳಿಗೇ ಬಿದ್ದ ಈ ಕಥೆಯನ್ನು, ತಾಲೀಮಿನಲ್ಲಿ ಬೆತ್ತ ಹಿಡಿಯುವವರಿಗೆ ಹೇಳಬೇಕು.

ಕೇಳುವ ಮುಂದಾಳು

ಈ ಎಲ್ಲ ಉದಾಹರಣೆಗಳಲ್ಲೂ ಸಮಾನವಾದ ಒಂದು ಅಂಶವಿದೆ. ಬೈಯುವ ಮೊದಲು ಕಾರಣ ಹುಡುಕಿದವರಿಗೆ ಕಾರಣ ಸಿಕ್ಕಿದೆ. ಅದಕ್ಕೆ ಬೇಕಾದದ್ದು ಎಚ್ಚರ. ಸಮೂಹಗಾನದ ಮುಂದಾಳಿನ ದೊಡ್ಡ ಕೆಲಸ ಹಾಡುವುದಕ್ಕಿಂತ ಹೆಚ್ಚಾಗಿ ಕೇಳುವುದು. ಹಾರ್ಮೋನಿಯಂ ಬಿಟ್ಟೇಳದ ಮೇಷ್ಟ್ರಿಗೆ ಕೇಳುವುದು ಮೊದಲ ಸಾಲಿನ ಐದಾರು ದನಿಗಳು ಮಾತ್ರ. ಎದ್ದು, ಸಾಲುಗಳ ನಡುವೆ ನಡೆದು, ಕೊನೆಯ ಸಾಲಿನ ಹಿಂದೆ ಒಂದು ಹಾಡಿನಷ್ಟು ಹೊತ್ತು ಸುಮ್ಮನೆ ನಿಂತರೆ ಅದುವರೆಗೆ ಕೇಳದ ತಂಡವೊಂದು ಕೇಳತೊಡಗುತ್ತದೆ.

ಎಚ್ಚರ ಶುರುವಾಗುವುದು ಉಸಿರಿನಿಂದ. ಹಾಡು ಆರಂಭಿಸುವ ಮೊದಲು ಮುಂದಾಳು ಕೈ ಎತ್ತಿ ಒಂದು ಕ್ಷಣ ನಿಲ್ಲಿಸಿ, ಎಲ್ಲರೊಡನೆ ಉಸಿರು ತೆಗೆದುಕೊಂಡು ಕೈ ಇಳಿಸಿದರೆ, ನಲವತ್ತು ದನಿ ಒಂದೇ ಬಾಗಿಲಿನಿಂದ ಹೊರಬಂದಂತೆ ಬರುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಒಟ್ಟಿಗೆ ಹಾಡುವವರ ಹೃದಯದ ಬಡಿತ ಒಟ್ಟಿಗೇ ಏರಿಳಿಯುವುದು ಕಂಡುಬಂತು. ಇದರಲ್ಲಿ ಪವಾಡವೇನಿಲ್ಲ. ಹಾಡಿನ ಸಾಲು ಎಲ್ಲರಿಗೂ ಒಂದೇ ಆದ್ದರಿಂದ ಉಸಿರು ಬಿಡುವುದೂ ಒಟ್ಟಿಗೆ. ಉಸಿರು ಬಿಡುವಾಗ ಹೃದಯದ ಬಡಿತ ನಿಧಾನವಾಗುತ್ತದೆ, ಎಳೆದುಕೊಳ್ಳುವಾಗ ಚುರುಕಾಗುತ್ತದೆ. ಬರೀ ಬಾಯಿ ಆಡಿಸುವ ಮಗು ಈ ಉಸಿರಿನ ಬಳಗದಿಂದಲೂ ಹೊರಗೇ ಉಳಿಯುತ್ತದೆಂಬುದನ್ನು ಗಮನಿಸಬೇಕು.

ಇದು ಹೊರದೇಶದಿಂದ ತರಬೇಕಾದ ವಿದ್ಯೆಯೂ ಅಲ್ಲ. ಹಳ್ಳಿಯ ಮದುವೆಯಲ್ಲಿ ಸೋಬಾನೆ ಹೇಳುವ ಹಿರಿಯಾಕೆ ಒಂದು ಸಾಲು ಹೇಳಿದರೆ ಉಳಿದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಆ ಗುಂಪಿನಲ್ಲಿ ಒಡಕು ದನಿಯವರೂ ಇರುತ್ತಾರೆ, ಹಲ್ಲು ಬಿದ್ದ ಅಜ್ಜಿಯೂ ಇರುತ್ತಾಳೆ. ಬಾಯಿ ಮಾತ್ರ ಆಡಿಸು ಎಂದು ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಮೇಳದಲ್ಲಿ ತಂಬೂರಿ ಹಿಡಿದ ಮುಂದಾಳು ಕಥೆ ನಡೆಸುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಅವರು ಹಾಡುವ ಆ ಹೊತ್ತಿನಲ್ಲೇ ಮುಂದಾಳಿಗೆ ಉಸಿರು ತಿರುಗುತ್ತದೆ, ಮುಂದಿನ ಸಾಲು ನೆನಪಾಗುತ್ತದೆ. ಹಿಮ್ಮೇಳದ ಋಣ ಅವನಿಗೆ ಗೊತ್ತು. ಮದರಾಸಿನಲ್ಲಿ ಯೂತ್ ಕಾಯರ್ ಕಟ್ಟಿದ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ಹಲವು ಭಾಷೆಗಳ ಹಾಡುಗಳನ್ನು ಒಂದೇ ವೃಂದದಿಂದ ಹಾಡಿಸಿದರು. ಹಂಗೆರಿಯ ಜೊಲ್ತಾನ್ ಕೊಡಾಯ್ ಸಂಗೀತ ಎಲ್ಲ ಮಕ್ಕಳ ಸ್ವತ್ತು ಎಂದು ನಂಬಿ ದುಡಿದರು. ಅವರ ಪ್ರಭಾವದಿಂದ 1950ರಲ್ಲಿ ಕೆಚ್ಕೆಮೆಟ್ ಎಂಬ ಊರಿನಲ್ಲಿ ನಿತ್ಯ ಹಾಡಿಸುವ ಪ್ರಾಥಮಿಕ ಶಾಲೆಯೇ ಆರಂಭವಾಯಿತು. ಸೋಬಾನೆಯ ಅಜ್ಜಿಗೆ ಇವರ ಹೆಸರು ಗೊತ್ತಿರಲಾರದು. ಹಾಡು ಎಲ್ಲರದು ಎಂಬುದರಲ್ಲಿ ಮಾತ್ರ ಮೂವರದೂ ಒಂದೇ ಪಂಥ.

ಹಾಡದೆ ನಿಲ್ಲುವ ಮಗು

ಹಾಡಬೇಕೆಂದಿದ್ದರೂ ಬಾಯಿ ಮುಚ್ಚಿಸಿಕೊಂಡ ಮಗುವಿನ ಮಾತು ಇದಾಯಿತು. ಹಾಡಲು ಒಪ್ಪದ ಮಗುವಿನ ಮಾತು ಇನ್ನೂ ಸೂಕ್ಷ್ಮ. 1985ರಲ್ಲಿ ಕೇರಳದ ಒಂದು ಶಾಲೆಯ ಮೂವರು ಒಡಹುಟ್ಟಿದ ಮಕ್ಕಳನ್ನು ರಾಷ್ಟ್ರಗೀತೆ ಹಾಡದ್ದಕ್ಕಾಗಿ ಹೊರಹಾಕಲಾಯಿತು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದವರು. ರಾಷ್ಟ್ರಗೀತೆಯ ವೇಳೆ ಎಲ್ಲರೊಡನೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಕೇರಳದ ಹೈಕೋರ್ಟು ಅವರ ಅಹವಾಲನ್ನು ಒಪ್ಪಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರ ಪೀಠ, ಹಾಡಲೇಬೇಕೆಂಬ ಕಾನೂನು ಇಲ್ಲ, ಎದ್ದು ಗೌರವದಿಂದ ನಿಂತವರು ಅಗೌರವ ತೋರಿದಂತಾಗುವುದಿಲ್ಲ ಎಂದು ತೀರ್ಪಿತ್ತು, ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು.

ರಾಷ್ಟ್ರಗೀತೆಗೆ ಬೇಕಾದದ್ದು ಸುಮಾರು 52 ಸೆಕೆಂಡ್. ಆ 52 ಸೆಕೆಂಡಿನಲ್ಲಿ ಮೌನವಾಗಿ ನಿಂತ ಮೂವರು ಮಕ್ಕಳು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಈ ತೀರ್ಪಿನ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಹಾಡಿಸುವವರಿಗೆ ಅದರಲ್ಲಿ ಒಂದು ತಿಳಿವಳಿಕೆ ಇದೆ. ಮಗು ಸುಮ್ಮನಿದ್ದರೆ ಅದನ್ನು ಕೂಡಲೇ ಉದ್ಧಟತನ ಎಂದುಕೊಳ್ಳಬಾರದು. ಮನೆಯ ನಂಬಿಕೆ ಇರಬಹುದು, ಗಂಟಲು ನೋವಿರಬಹುದು, ಬೆಳಿಗ್ಗೆ ಮನೆಯಲ್ಲಿ ಆದ ಜಗಳ ಇರಬಹುದು. ಎಲ್ಲರೆದುರು ಕೇಳದೆ, ತಾಲೀಮು ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದರೆ ಮಗು ಹೇಳುತ್ತದೆ. ಹಾಡನ್ನು ಆರಿಸುವಾಗಲೂ ತರಗತಿಯಲ್ಲಿ ಯಾವ ಯಾವ ಮನೆಯ ಮಕ್ಕಳಿದ್ದಾರೆಂದು ಒಂದು ಸಲ ಕಣ್ಣಾಡಿಸುವುದು ಒಳ್ಳೆಯದು.

ವೇದಿಕೆಯ ಸುಳ್ಳು

2008ರ ಆಗಸ್ಟ್ 8ರಂದು ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕೆಂಪು ಲಂಗ ತೊಟ್ಟ ಒಂಬತ್ತು ವರ್ಷದ ಬಾಲೆ ಹಾಡಿದ್ದನ್ನು ಜಗತ್ತೇ ಟಿ.ವಿ.ಯಲ್ಲಿ ನೋಡಿತು. ಕೆಲವೇ ದಿನಗಳಲ್ಲಿ ನಿಜ ಹೊರಬಿತ್ತು. ದನಿ ಅವಳದಲ್ಲ, ಏಳು ವರ್ಷದ ಇನ್ನೊಬ್ಬಳದು. ನೋಟಕ್ಕೆ ಒಬ್ಬಳು ಚೆನ್ನ, ದನಿಗೆ ಇನ್ನೊಬ್ಬಳು ಚೆನ್ನ ಎಂದು ದೊಡ್ಡವರು ಲೆಕ್ಕ ಹಾಕಿದ್ದರು. ದೇಶದ ಹಿತಕ್ಕಾಗಿ ಹೀಗೆ ಮಾಡಿದೆವೆಂದು ಸಂಗೀತ ನಿರ್ದೇಶಕರೇ ರೇಡಿಯೋದಲ್ಲಿ ಹೇಳಿದರು. ಒಬ್ಬಳಿಗೆ ಮುಖ ತೋರಿಸಲು ಅವಕಾಶವಿಲ್ಲ, ಇನ್ನೊಬ್ಬಳಿಗೆ ದನಿ ತೆಗೆಯಲು ಅವಕಾಶವಿಲ್ಲ. ಇಬ್ಬರು ಮಕ್ಕಳಿಗೂ ಏನು ತಿಳಿಸಿದಂತಾಯಿತು?

ಬೀಜಿಂಗ್ ಬಹಳ ದೂರ. ಆದರೆ ಶಾಲಾ ವಾರ್ಷಿಕೋತ್ಸವದಲ್ಲಿ ಪೆನ್‌ಡ್ರೈವ್‌ನ ಹಾಡಿಗೆ ಮಕ್ಕಳು ಬಾಯಿ ಆಡಿಸುವುದು ಎಲ್ಲ ಊರಿನಲ್ಲೂ ಇದೆ. ಬೆಳ್ಳಗಿರುವವರನ್ನು, ಮುಖ್ಯ ಅತಿಥಿಗಳ ಮೊಮ್ಮಗಳನ್ನು ಮುಂದೆ ನಿಲ್ಲಿಸುವುದೂ ಇದೆ. ಚೆನ್ನಾಗಿ ಹಾಡುವ ಹುಡುಗಿ ಹೊಸ ಉಡುಪಿಗೆ ಹಣ ಕೊಡಲಾಗದೆ “ನನಗೆ ಆವತ್ತು ಊರಿಗೆ ಹೋಗ್ಬೇಕು ಮಿಸ್” ಎಂದು ನೆಪ ಹೇಳಿ ಹೆಸರು ಹಿಂದಕ್ಕೆ ಪಡೆಯುವುದೂ ಇದೆ. ಸಮವಸ್ತ್ರದಲ್ಲೇ ಹಾಡಿದರೆ ಸ್ವರ ಕೆಡುವುದಿಲ್ಲ. ಎತ್ತರದ ಪ್ರಕಾರ ನಿಲ್ಲಿಸಿ, ಒಂಟಿಯಾಗಿ ಹಾಡುವ ಸಾಲುಗಳನ್ನು ಹಬ್ಬದಿಂದ ಹಬ್ಬಕ್ಕೆ ಬೇರೆ ಬೇರೆಯವರಿಗೆ ಹಂಚಿದರೆ ಯಾರ ಮನೆಯ ದೀಪವೂ ಆರುವುದಿಲ್ಲ.

ಮೇಷ್ಟ್ರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಎಷ್ಟೋ ಶಾಲೆಗಳಲ್ಲಿ ಸಂಗೀತ ಶಿಕ್ಷಕರೇ ಇಲ್ಲ. ತುಸು ಹಾಡಲು ಬರುವ ಕನ್ನಡ ಪಂಡಿತರೋ ವಿಜ್ಞಾನದ ಟೀಚರೋ ತಮ್ಮ ಪಾಠದ ಜೊತೆಗೆ ಇದನ್ನೂ ಹೊರುತ್ತಾರೆ. ಹತ್ತು ದಿನದಲ್ಲಿ ತಂಡ ಸಿದ್ಧವಾಗಬೇಕು. ತಾಲ್ಲೂಕು ಮಟ್ಟದಲ್ಲಿ ಬಹುಮಾನ ಬರಲಿಲ್ಲವೆಂದರೆ ಕೇಳುವವರು ಹಲವರು. ಈ ಒತ್ತಡದಲ್ಲಿ “ಬಾಯಿ ಆಡಿಸು” ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ.

ಇದಕ್ಕೆ ಒಂದು ನೇರವಾದ ದಾರಿ ಇದೆ. ಸ್ಪರ್ಧೆಗೆ ಹತ್ತು ಮಂದಿ ಬೇಕಾದರೆ ಹತ್ತೇ ಮಂದಿಯನ್ನು ಆರಿಸಲಿ, ಆರಿಸಿದ್ದು ಸ್ಪರ್ಧೆಗೆ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಲಿ. ಖೋ ಖೋ ತಂಡಕ್ಕೆ ಆಯ್ಕೆಯಾಗದ ಮಗು ಓಡುವುದನ್ನು ಬಿಡುವುದಿಲ್ಲ, ಹಾಗೆಯೇ ಇದೂ. ಆದರೆ ಆಗಸ್ಟ್ 15, ನವೆಂಬರ್ 1, ಬೆಳಗಿನ ಪ್ರಾರ್ಥನೆ ಇವು ಸ್ಪರ್ಧೆಗಳಲ್ಲ. ಅಲ್ಲಿ ನಿಂತವರೆಲ್ಲ ಹಾಡಲಿ. 2022ರಲ್ಲಿ ಸರ್ಕಾರ ನಾಡಗೀತೆಗೆ ಎರಡೂವರೆ ನಿಮಿಷದ ಅವಧಿಯನ್ನು ನಿಗದಿ ಮಾಡಿದೆ. ಆ ಎರಡೂವರೆ ನಿಮಿಷದಲ್ಲಿ ಒಂದೆರಡು ದನಿ ಅತ್ತಿತ್ತ ಹೋದರೆ ನಾಡಿಗೆ ಏನೂ ಆಗುವುದಿಲ್ಲ. ನಾಡಿನ ಹಾಡನ್ನು ಹಾಡಲು ತಾನು ಲಾಯಕ್ಕಲ್ಲ ಎಂದು ಒಂದು ಮಗು ತಿಳಿದುಕೊಂಡರೆ ಅದು ಸಣ್ಣ ನಷ್ಟವಲ್ಲ.

ಉಳಿದದ್ದು ತಂದೆತಾಯಿಯರ ಪಾಲು. ಮಗು ಕಾರ್ಯಕ್ರಮ ಮುಗಿಸಿ ಮನೆಗೆ ಬಂದಾಗ “ಎಷ್ಟನೇ ಬಹುಮಾನ ಬಂತು?”, “ಯಾವ ಸಾಲಲ್ಲಿ ನಿಲ್ಸಿದ್ರು?” ಎಂಬ ಪ್ರಶ್ನೆಗಳು ಮೊದಲು ಬರುತ್ತವೆ. ಅವನ್ನು ಸ್ವಲ್ಪ ತಡೆದು, “ಏನು ಹಾಡಿದ್ರಿ? ಒಂದು ಸಲ ಹಾಡು, ಕೇಳೋಣ” ಎಂದು ಅಡುಗೆಮನೆಯಲ್ಲಿ ಒಲೆ ಸಣ್ಣ ಮಾಡಿ ಕೂತು ಕೇಳಿದರೆ ಮಗು ಹಾಡುತ್ತದೆ. ಹಾಡದೆ ತಲೆ ತಗ್ಗಿಸಿದರೆ, ಮಾರನೆಯ ದಿನ ಶಾಲೆಗೆ ಹೋಗಿ ಮೇಷ್ಟ್ರೊಂದಿಗೆ ಜಗಳವಾಡದೆ ನಾಲ್ಕು ಮಾತು ಆಡಿ ಬರುವುದು ಒಳ್ಳೆಯದು. ಅಷ್ಟರವರೆಗೆ, ರಾತ್ರಿ ಊಟಕ್ಕೆ ಮೊದಲು ಮನೆಯವರೆಲ್ಲ ಸೇರಿ ಅದೇ ಹಾಡನ್ನು ಒಮ್ಮೆ ಹೇಳಬಹುದು. ಅಪ್ಪನ ದನಿ ಒಡೆದರೂ ಪರವಾಗಿಲ್ಲ.